ಕೊಡೆಕಡ್ಡಿ

ಕಳ್ಳರು, ಅಂದೆ.
ಸೈದಲವಿ ಬಾಗಿಲಿನ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ,
ಕಿಟಕಿ ರಬ್ಬರಿನ ಹರಕಲು ಎತ್ತಿ ಇಣುಕಿದ,
ಎತ್ತಿನ ಹಲ್ಲು ನೋಡುವವನ ಹಾಗೆ.
"ಕಳ್ಳರ ಕೈ ಇಷ್ಟು ಒರಟಲ್ಲ ಟೀಚರೇ,
ಅವರಿಗೆ ಕೆಲಸ ಗೊತ್ತಿರುತ್ತದೆ.
ಇದು ಮನೆಯವರ ಕೈ."

ಗೋಣಿಕೊಪ್ಪದ ಗ್ಯಾರೇಜು, ಮಾರ್ಚಿನ ಬಿಸಿಲು.
ಎಲ್ಲೋ ಕಾಫಿ ಹೂವು ಬಿಟ್ಟಿರಬೇಕು.
ನನ್ನ ಕಾರಿನಿಂದ ಬರುತ್ತಿದ್ದದ್ದು ಮಾತ್ರ
ನಿನ್ನೆಯ ಮತ್ತಿ ಮೀನಿನ ವಾಸನೆ.

ಸರಿ, ಹೇಳಿದೆ.
ಮೀನಿನ ಚೀಲ ಸೀಟಿನ ಮೇಲಿಟ್ಟು, ಕೀ ಅದರ ಪಕ್ಕದಲ್ಲಿಟ್ಟು,
ನಾಬ್ ಒತ್ತಿ, ಹ್ಯಾಂಡಲ್ ಎತ್ತಿಹಿಡಿದು ಬಾಗಿಲು ಹಾಕಿದ್ದು ನಾನೇ.
ಕೈಗೆ ಅಭ್ಯಾಸ, ತಲೆ ಬೇರೆಲ್ಲೋ.
ಫೋನಿನಲ್ಲಿ ಯಾವನೋ ಒಬ್ಬ ತಂತಿ ತೂರಿಸಿ
ಹತ್ತೇ ಸೆಕೆಂಡಿನಲ್ಲಿ ತೆರೆದು ನಕ್ಕಿದ್ದು ನೋಡಿದ್ದೆ.
ನನ್ನ ಬಳಿ ತಂತಿ ಇರಲಿಲ್ಲ, ಕೊಡೆ ಇತ್ತು.
ಒಂದು ಕಡ್ಡಿ ಮುರಿದೆ. ಆಮೇಲೆ ಇನ್ನೊಂದು.
ಒಂಬತ್ತನೇ ಕ್ಲಾಸಿನ ಮರದ ಸ್ಕೇಲು ಬೆಣೆಯಾಯಿತು.
ಸುತ್ತ ಜನ. ಒಬ್ಬ ಎಡಕ್ಕೆ ಅಂದ, ಒಬ್ಬ ಮೇಲಕ್ಕೆ ಅಂದ,
ಸೊಪ್ಪು ಮಾರುವ ಅಜ್ಜಿ, "ಅದನ್ನೇಕೆ ಚುಚ್ಚಿ ಕೊಲ್ಲುತ್ತೀ ಮಗಳೇ" ಅಂದಳು.
ಒಳಗೆ ಏನೋ ಸಿಕ್ಕಿತು. ಎಳೆದೆ.
ಕಟ್ ಅಂತ ಸಣ್ಣ ಸದ್ದು,
ಕೋಳಿಮರಿಯ ಕಾಲು ಮುರಿದ ಹಾಗೆ.
ಗೆದ್ದೆ ಅಂದುಕೊಂಡೆ.

ಕೊನೆಗೆ ಬಾಳೆಹಣ್ಣಿನವನ ಮಗ, ಎಂಟು ವರ್ಷದವನು,
ಹಿಂದಕ್ಕೆ ಹೋಗಿ ಡಿಕ್ಕಿ ಎತ್ತಿದ.
ಅದಕ್ಕೆ ಬೀಗವೇ ಹಾಕಿರಲಿಲ್ಲ.
ಮೀನು ತುಳಿದುಕೊಂಡೇ ಒಳಗೆ ತೆವಳಿದ.
ನಾನು ಐವತ್ತೆರಡರ ಮಂಡಿ ಮಡಚಿ
ಎಡಬಾಗಿಲಿನಿಂದ ಹತ್ತಿ, ಗೇರು ದಾಟಿ ಕುಳಿತು ಮನೆಗೆ ಹೋದೆ.

ಸೈದಲವಿ ನಗಲಿಲ್ಲ. ಅದಕ್ಕೇ ಅವನ ಹತ್ತಿರ ಬರುವುದು.
ಸ್ಕ್ರೂ ಬಿಚ್ಚಿ ಒಳಹಲಗೆ ಕಿತ್ತ;
ಕಪ್ಪು ಅಂಟಿನ ಪ್ಲಾಸ್ಟಿಕ್ ಹಾಳೆಯನ್ನು
ಗಾಯದ ಪಟ್ಟಿಯ ಹಾಗೆ ಅಂಚಿನಿಂದ ಬಿಡಿಸಿದ.
ಹದಿನಾಲ್ಕು ವರ್ಷ ಈ ಬಾಗಿಲು ತೆರೆದು ಹಾಕಿದ್ದೇನೆ,
ಒಳಗೆ ಇಷ್ಟು ಖಾಲಿ ಇದೆ ಅಂತ ಗೊತ್ತಿರಲಿಲ್ಲ.
ಒಂದು ಬಾಗಿದ ಸರಳು. ಕಡಲೆಯಷ್ಟು ಹಳದಿ ಕ್ಲಿಪ್, ಎರಡು ಚೂರು.
ತಳದಲ್ಲಿ ನನ್ನ ಕೊಡೆಕಡ್ಡಿ.

"ಇದನ್ನು ಮೆತ್ತಗೆ ನೂಕಬೇಕು. ನೀವು ಎಳೆದಿದ್ದೀರಿ.
ಅಂದ ಹಾಗೆ, ಎರಡನೇ ಕೀ ಇಲ್ಲವಾ?"

ಇದೆ.
ಸಿದ್ದಾಪುರದಲ್ಲಿ, ಬೊಳ್ಳಕ್ಕನ ಮನೆಯ ಮೊಳೆಯಲ್ಲಿ.
ಇಬ್ಬರೂ ಅರ್ಧರ್ಧ ಹಾಕಿ ಕೊಂಡ ಕಾರು,
ಒಂದೇ ಮೈದಾನದಲ್ಲಿ ಕಲಿತು ಒಂದೇ ಚರಂಡಿಗೆ ಇಳಿಸಿದ್ದು.
ಅವ್ವನ ಪತ್ತಾಕ್ ಯಾರಿಗೆ ಅನ್ನುವಲ್ಲಿ ಮಾತು ನಿಂತು
ಮೂರು ಪುತ್ತರಿ ಕಳೆದವು.
ಒಂದು ಫೋನು ಮಾಡಿದ್ದರೆ
ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದಳು.
ಬೈದೇ ಕಳಿಸುತ್ತಿದ್ದಳು, ಆದರೂ ಕಳಿಸುತ್ತಿದ್ದಳು.
ಕೊಡೆ ಮುರಿಯುವುದು ಸುಲಭ ಅನ್ನಿಸಿತು.

"ಇದೆ. ದೂರ ಇದೆ," ಅಂದೆ.

ಸರಳನ್ನು ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡಿದ.
ಪೂರ್ತಿ ನೆಟ್ಟಗಾಗಲಿಲ್ಲ; ಆಗುವುದೂ ಇಲ್ಲವಂತೆ.
ಗುಜರಿ ಕಾರಿನಿಂದ ಒಂದು ಕ್ಲಿಪ್ ಹುಡುಕಿ ತಂದ, ಬಿಳಿಯದು.
"ಸಿಲಿಂಡರ್ ಕೂಡ ಸವೆದಿದೆ. ಹೊಸ ಸೆಟ್ ಹಾಕಿಬಿಡಲಾ?
ಎರಡು ಹೊಸ ಕೀ ಬರುತ್ತದೆ.
ಆಮೇಲೆ ಹಳೇ ಕೀಯಲ್ಲಿ ಇಂಜಿನ್ ಸ್ಟಾರ್ಟ್ ಆಗುತ್ತದೆ,
ಬಾಗಿಲು ಮಾತ್ರ ತೆರೆಯುವುದಿಲ್ಲ."

ಕೊಡೆಕಡ್ಡಿ ನನ್ನ ಕೈಯಲ್ಲಿತ್ತು.
"ಹಳೆಯದೇ ಇರಲಿ."
"ಸವೆದಿದೆ ಟೀಚರೇ."
"ಇರಲಿ."

ಮುನ್ನೂರೈವತ್ತು ತೆಗೆದುಕೊಂಡ.

ಈಗ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು.
ಕೀ ತಿರುಗಿಸಿ ಒಂದು ಉಸಿರಿನಷ್ಟು ಕಾಯಬೇಕು;
ಆಮೇಲೆ ನಾಬ್ ಏಳುತ್ತದೆ, ಯೋಚಿಸಿ ಎದ್ದ ಹಾಗೆ.
ಮೀನಿನ ವಾಸನೆ ಇನ್ನೂ ಹೋಗಿಲ್ಲ.