ಇದನ್ನ ಬರೀಬ್ಯಾಡ್ರಿ

ಬರಕೋರಿ ಅಕ್ಕಾರ. ಮೊದಲನೇ ಸಾಲು:
ನಾ ಹುಟ್ಟಿದ್ದು ಗಾಜಿನ ಅಂಗಡಿಯಾಗ.
ಸುಳ್ಳು. ಹುಟ್ಟಿದ್ದು ದವಾಖಾನ್ಯಾಗ. ಇರಲಿ,
ಓದಾವ್ರಿಗೆ ಗಾಜಿನ ಸಪ್ಪಳ ಕೇಳಬೇಕು.

ಅಪ್ಪ ವಜ್ರದ ಕಡ್ಡಿಲೆ ಗಾಜು ಕೊಯ್ಯತಿದ್ದ,
ದೇವರ ಫೋಟೋಕ್ಕ ಕಟ್ಟು ಹಾಕತಿದ್ದ.
ದೇವರಿಗೆ ಎರಡಾಣೆ, ಕಟ್ಟಿಗೆ ಒಂದು ರೂಪಾಯಿ.
ಅವತ್ತ ತಿಳೀತು ನನಗ:
ಮಂದಿ ಚಿತ್ರಾ ಕೊಳ್ಳೂದಿಲ್ಲ, ಅಂಚು ಕೊಳ್ತಾರ.

ಮುಂದ ಮುಳುಗಡಿ ಬಂತು.
ಸರಕಾರದವ್ರು ಬಣ್ಣದ ಡಬ್ಬಿ ಹಿಡಕೊಂಡು
ಹಳೇ ಬಾಗಲಕೋಟಿ ಮನಿಮನಿಗೂ ನಂಬರ ಬರದ್ರು.
ಇಲ್ಲೀತನಕ ನೀರು, ಅಂದ್ರು, ಗ್ವಾಡಿಗೆ ಗೆರಿ ಎಳದು.
ಮಂದಿ ಗೆರಿ ನೋಡಿ ಅತ್ತರು.
ನಾ ಗೆರಿ ಕೆಳಗಿನ ಬಾಗಲಾ ನೋಡಿದೆ.

ಸಾಗವಾನಿ. ಗಿಣಿ ಕೊರದಿದ್ದು. ಹಿತ್ತಾಳಿ ಗುಬ್ಬಿ ಬಡದಿದ್ದು.
ಎರಡು ವರ್ಷದಾಗ ನೂರಾಹನ್ನೊಂದು ಬಾಗಲಾ ಎತ್ತೇನಿ,
ಕಂಬ ಎಣಿಸಿಲ್ಲ. ಗಂಜೀಫಾ ಎಲಿ, ತೊಟ್ಟಲದ ಕಾಲು,
ಒಂದು ಮನ್ಯಾಗ ಬರೇ ಹೊಸ್ತಿಲಾ ಸಿಕ್ತು, ಅದನ್ನೂ ಬಿಡಲಿಲ್ಲ.
ಮುಂಬೈದ ದೊಡ್ಡ ಹೋಟೆಲಿನಾಗ
ಇವತ್ತೂ ನಮ್ಮೂರ ಗಿಣಿ ಕುಂತಾವ,
ಕೋಟು ಹಾಕಿದವ ಬಾಗಲಾ ತಗದು ಸಲಾಂ ಹೊಡೀತಾನ.
ದಿಲ್ಲಿಯಿಂದ ಮ್ಯೂಸಿಯಮ್ಮಿನವ್ರು ಬಂದು
ನನ್ನ ಗಾದಿ ಮ್ಯಾಲ ಕುಂತು, ಚುರಮರಿ ತಿಂದು,
ಕೈ ಒರಸಿಕೊಂಡು ಕೇಳತಿದ್ರು:
ಸಾಹುಕಾರ್ರ, ಇದು ಕಲಾ ಹೌದೋ ಅಲ್ಲೋ?

ನಾ ಕೈ ಇಟ್ಟರ ಕಲಾ.
ಕೈ ತಗದ್ರ ಬಚ್ಚಲ ಒಲಿಗೆ ಉರವಲಾ.
ಈ ಸಾಲು ದಪ್ಪ ಅಕ್ಷರದಾಗ ಹಾಕಸರಿ.

ಪರಪ್ಪ ಚಿತ್ರಗಾರ?
ಅವನ ಹೆಸರು ಯಾರು ಹೇಳಿದ್ರು ನಿಮಗ?
ಇದನ್ನ ಬರೀಬ್ಯಾಡ್ರಿ.
ಗಾಜಿನ ಹಿಂದಲಿಂದ ಬರೀತಿದ್ದ ಅವ,
ಮೊದಲ ಮೂಗುತಿ, ಆಮ್ಯಾಲ ಮೂಗು, ಕಡೀಕ ಮಾರಿ.
ಹಸಿ ಆರಿದ ಮ್ಯಾಲ ಮಹಾಲಿಂಗಪುರದ ಬೆಲ್ಲದ ಗಾಣದಾಗ
ಒಂದು ಹಂಗಾಮು ತೂಗು ಹಾಕತಿದ್ವಿ.
ಹೊಗಿ ಕುಡದು ಕುಡದು
ನೂರು ವರ್ಷದ ಮುದುಕ್ಯಾಗಿ ಇಳದು ಬರತಿದ್ದಳು
ಮೊನ್ನೆ ಹುಟ್ಟಿದ ಹುಡಿಗಿ.
ಬೆಲ್ಲದ ವಾಸನಿ ಮಾತ್ರ ಲಗೂನ ಹೋಗತಿರಲಿಲ್ಲ.
ಕಲಕತ್ತಾದಾಕಿ ಒಬ್ಬಾಕಿ ಮೂಸಿ ನೋಡಿ,
ಇದು ಹಳೇ ಕಾಲದ ಪರಿಮಳ, ಅಂದಳು. ಅಲ್ಲೆ ಚೆಕ್ ಬರದಳು.
ಪರಪ್ಪಗ ಚಿತ್ರಕ್ಕ ಹದಿನೈದು ರೂಪಾಯಿ.
ಕಡೀಗೆ ಅವನ ಕಣ್ಣು ಹೋದ್ವು.
ಅವನ ಮಣ್ಣಿಗೆ ನಾ ಹೋಗಿದ್ದೆ. ಅದನ್ನ ಬರೀರಿ.
ಹೋಗಿದ್ದೆ, ಅಂತ ಅಷ್ಟ.

ಏಳನೇ ಅಧ್ಯಾಯ. ಕಿಲ್ಲಾದಾಗಿನ ಮನಿ,
ಗಂಡ ಸತ್ತ ಹೆಣಮಗಳು.
ಹೆಸರು ನೆನಪಿಲ್ಲ, ಬಾಗಲಾ ನೆನಪೈತಿ:
ಎಡಗಡೆ ಗಿಣಿಗೆ ಕೊಕ್ಕು ಮುರದಿತ್ತು.
ಐದು ಸಾವಿರ ಎಣಿಸಿ ಕೊಟ್ಟೆ.
ಆಕಿ ಸಂತೋಷದಿಂದ

ಯಾಕ, ಪೆನ್ನು ನಿಂತ್ತು?

ನಾಕನೂರಾ?
ಯಾರಂದ್ರು?
ಸಾತವ್ವ. ಹಾಂ, ಇರಬಹುದು. ಸಾತವ್ವ.
ಬಾಗಲಾ ಹಿಡಕೊಂಡು ಒಂದು ಹುಡಿಗಿ ನಿಂತಿತ್ತು,
ಬಿಡ ಅಂದ್ರೂ ಬಿಡಲಿಲ್ಲ, ಆಳು ಒಂದೊಂದ ಬೆರಳು ಬಿಡಿಸಿದ.
ನಿಮಗೆಷ್ಟು ವಯಸ್ಸಿತ್ತು ಆಗ? ಒಂಬತ್ತು.

ನವನಗರದಾಗ ಪ್ಲಾಟ್ ಕೊಡೂತನಕ
ಬಾಗಲದ ಜಾಗಾಕ್ಕ ಕೌದಿ ಕಟ್ಟಿದ್ರಿ ಅಂತೀರಿ.
ಮೂರು ತಿಂಗಳಾ?
ಮಳಿಗಾಲದಾಗ?
ನಾಯಿ ಬರತಿದ್ವು. ಹೌದು, ಬರತಿರಬೇಕು.

ಒಂದೀಟು ನೀರು ಕೊಡ್ರಿ.

ನಾಕನೂರು ಅಂತ ಬರಕೋರಿ.
ಬ್ಯಾಡ, ಐದು ಸಾವಿರ ಇರಲಿ, ಮೊಮ್ಮಕ್ಕಳು ಓದತಾವ.
ನಾಕನೂರ ಹಾಕ್ರಿ.
ಆ ಸಾಲ ಪೂರಾ ತಗದು ಬಿಡ್ರಿ.

ಅಕ್ಕಾರ,
ಆ ಕೌದಿ ಇನ್ನೂ ಐತೇನ್ರಿ ನಿಮ್ಮ ಕಡೆ?
ಹಂಗ ಕೇಳಿದೆ. ಹಳೇ ಸೀರಿ ಕೌದಿಗೆ
ಈಗ ಹೊರಗ ಭಾಳ ರೇಟ್ ಐತಿ.

ಇದನ್ನ ಬರೀಬ್ಯಾಡ್ರಿ.
ಮಂಜಾಗಿದ್ದು ಕಣ್ಣಷ್ಟ ನಂದು, ಕಿವಿ ಚೊಲೋ ಅದಾವ.
ಪೆನ್ನು ಇನ್ನೂ ಓಡಾಕತ್ತೈತಿ.