ಮುಂದಿನವರು

ಕಾವ್‌ಶ್ಯೂಂಗ್ ಬಂದರಿನ ಹಳೇ ಸಕ್ಕರೆ ಗೋದಾಮು.
ನನ್ನ ಕೆಲಸ ಇಷ್ಟೇ: ಒಬ್ಬರು ಕಳಚಿಟ್ಟ ಕನ್ನಡಕವನ್ನು
ಸ್ಪಿರಿಟ್ಟಿನಲ್ಲಿ ಒರೆಸಿ
ಇನ್ನೊಬ್ಬರ ತಲೆಗೆ ಕಟ್ಟುವುದು.
ಒಳಗೆ, ಸತ್ತ ಮೇಲಿನ ನಲವತ್ತೊಂಬತ್ತು ದಿನ
ಹನ್ನೆರಡು ನಿಮಿಷದಲ್ಲಿ.

ಬುಧವಾರ ಚಿನ್-ಯೆ ಅಜ್ಜಿ ಬಂದಳು,
ಮೀನುಪೇಟೆಯಿಂದ ನೇರ, ರಬ್ಬರ್ ಬೂಟಿನಲ್ಲೇ.
ಗಂಡ ಹೋಗಿ ಅವತ್ತಿಗೆ ಮೂವತ್ತೆಂಟು ದಿನ.
"ಎಲ್ಲಿವರೆಗೆ ಹೋಗಿದ್ದಾನೋ ನೋಡಿ ಬರ್ತೀನಿ" ಅಂದಳು,
ಬಸ್ಸು ವಿಚಾರಿಸುವವಳ ಹಾಗೆ.

ಎಲ್ಲರೂ ಮೊದಲು ಬೆಳಕಿನತ್ತ ಕತ್ತೆತ್ತುತ್ತಾರೆ.
ಇವಳು ತಲೆ ತಗ್ಗಿಸಿ
ಮಡಿಲಲ್ಲಿ ಏನೋ ಹುಡುಕಿದಳು.
"ಹುಡುಗಾ, ನನ್ನ ಕೈ ಎಲ್ಲಿ?"

ಕೈ ಇರೋದಿಲ್ಲ ಅಜ್ಜಿ,
ಕಲಾವಿದೆ ಬೇಕಂತಲೇ ಬಿಟ್ಟಿದ್ದಾಳೆ.
ಸತ್ತವರಿಗೆ ತಾವು ಸತ್ತದ್ದು ತಿಳಿಯುವುದೇ ಹಾಗಂತೆ:
ಮರಳ ಮೇಲೆ ನಡೆದರೂ
ಹೆಜ್ಜೆ ಮೂಡದೆ, ಬಿಸಿಲಿದ್ದರೂ ನೆರಳು ಬೀಳದೆ.

ಅವಳು ಮಾತಾಡಲಿಲ್ಲ.
ಎರಡೂ ಅಂಗೈ ಉಜ್ಜಿಕೊಂಡಳು, ಸದ್ದು ಬರುವಷ್ಟು.
ಬೆರಳ ಸಂದಿಯಿಂದ ಹೂಮೀನಿನ ಹುರುಪೆಯೊಂದು
ನೆಲಕ್ಕೆ ಬಿತ್ತು. ಹೊಳೆಯಿತು.
ಕಂಡದ್ದು ನನಗೆ ಮಾತ್ರ.

ಕಳಚಿದ ಮೇಲೆ
ಹಣೆಯ ಗೀರು ತಿಕ್ಕುತ್ತಾ ಹೇಳಿದಳು:
"ಪಾಪ. ಇದನ್ನು ತೆಗೆಯೋಣ ಅಂದ್ರೂ
ಅವನಿಗೆ ಕೈಯಿಲ್ಲವಲ್ಲೋ."

ಗಾಜು ಒರೆಸಿದೆ. ಅಂಚು ಒರೆಸಿದೆ.
ಪಟ್ಟಿ ಮಾತ್ರ ಅವಳ ತಲೆಯಳತೆಗೇ ನಿಂತಿತ್ತು.
ಕೂಗಿದೆ: ಮುಂದಿನವರು.

ಶಾಲೆ ತಪ್ಪಿಸಿ ಬಂದಿದ್ದ ಪೋರನೊಬ್ಬ
ಸಡಿಲವಾದದ್ದನ್ನು ತಾನೇ ಬಿಗಿದುಕೊಂಡು
"ಬೆಚ್ಚಗಿದೆ" ಅಂದ.