ಗೋಡೆ ಮುಟ್ಟದ ಕೊಳವೆ

ಮಾಚೇನಹಳ್ಳಿಯಲ್ಲಿ ಎರಡು ಶೆಡ್ಡುಗಳ ನಡುವೆ ಒಂದು ಗೋಡೆ.
ಒಂಬತ್ತು ಇಂಚು ದಪ್ಪ, ಹನ್ನೊಂದು ವರ್ಷದ ವ್ಯಾಜ್ಯ.
ಈ ಕಡೆ ಗುರುಪಾದಪ್ಪನವರ ಅಕ್ಕಿ ಗಿರಣಿ,
ಆ ಕಡೆ ಇಮ್ತಿಯಾಜ್ ಸಾಹೇಬರ ಫೌಂಡ್ರಿ.
ಗೋಡೆ ಯಾರದೆಂದು ಕೋರ್ಟು ಇನ್ನೂ ಹೇಳಿಲ್ಲ,
ಹಾಗಾಗಿ ಸುಣ್ಣ ಬಳಿಯುವವರಿಲ್ಲ.

ನಾನು ಗಿರಣಿಯ ಬಾಯ್ಲರಿನವನು.
ಬೆಳಗಿನ ಜಾವ ನಾಲ್ಕಕ್ಕೆ ಹೊಟ್ಟು ಸುರಿದು ಉರಿ ಎಬ್ಬಿಸಿದರೆ
ಭತ್ತ ಬೆಂದು ಮುಗಿಯುವುದು ಹತ್ತಕ್ಕೆ.
ಮಿಕ್ಕ ಆವಿ ಹಿಂದಿನ ಕೊಳವೆಯಿಂದ
ಉಸ್ಸೆಂದು ಆಕಾಶಕ್ಕೆ,
ಯಾರೂ ಕೇಳದೆ ಆಡಿದ ಮಾತಿನ ಹಾಗೆ.

ಫೌಂಡ್ರಿಯ ಮೂಲೆಯ ಬಾಡಿಗೆ ಶೆಡ್ಡಿನಲ್ಲಿ ಹಪ್ಪಳದ ಸಂಘ.
ಜೂನಿನಿಂದ ಸೆಪ್ಟೆಂಬರಿನ ತನಕ ಬಿಸಿಲಿಗೆ ರಜೆ.
ಹಸಿ ಸೌದೆಯ ಹೊಗೆಯಲ್ಲಿ ಒಣಗಿದ ಹಪ್ಪಳ
ಕರಿದರೂ ಹೊಗೆಯನ್ನೇ ನೆನೆಯುತ್ತಿತ್ತು.
ಒಂದು ದಿನ ಸಾಕಮ್ಮ ಸ್ಟೂಲು ಹತ್ತಿ
ಗೋಡೆಯ ಮೇಲೆ ತಲೆ ತೂರಿಸಿ ಕೇಳಿದಳು:
'ಅಣ್ಣಾ, ಅದು ನಿಮಗೆ ಬೇಡವಾ?'
ಅವಳ ಬೆರಳು ಆವಿಯ ಕಡೆಗಿತ್ತು.
ನಾನು ಏನೂ ಹೇಳಲಿಲ್ಲ.
ಇಪ್ಪತ್ತು ವರ್ಷ ನಾನೂ ಅದನ್ನು
ಬರೀ ಸದ್ದು ಅಂದುಕೊಂಡಿದ್ದೆ.

ಮಾತು ಬೆಳೆಯಿತು. ಫೌಂಡ್ರಿಗೆ ಹೊಟ್ಟಿನ ಬೂದಿ ಬೇಕಿತ್ತಂತೆ,
ಕರಗಿದ ಕಬ್ಬಿಣ ಬೇಗ ಆರದಂತೆ ಮೇಲೆ ಹೊದಿಸಲು.
ಅದನ್ನೇ ನಾವು ಟ್ರ್ಯಾಕ್ಟರಿಗೆ ದುಡ್ಡು ತೆತ್ತು
ಹಳ್ಳಕ್ಕೆ ಸುರಿಸುತ್ತಿದ್ದೆವು.
ಗಿರಣಿಯ ಅಷ್ಟಗಲ ಮಾಡು ಖಾಲಿ ಬಿದ್ದಿತ್ತು.
ಸಾಹೇಬರು ಅಲ್ಲಿ ಸೌರಫಲಕ ಹಾಸುವುದು,
ಹಗಲ ಕರೆಂಟು ಇಬ್ಬರಿಗೂ.

ಎಲ್ಲ ಸರಿ. ಗೋಡೆ?
'ತಡೆಯಾಜ್ಞೆ ಇದೆ, ಒಂದು ಇಟ್ಟಿಗೆ ಅಲುಗಿದರೂ
ಕೇಸು ಕೈತಪ್ಪುತ್ತದೆ' ಎಂದರು ವಕೀಲರು.
ಇಬ್ಬರ ವಕೀಲರೂ.

ಭದ್ರಾವತಿಯಿಂದ ಫಿಟ್ಟರ್ ಸೆಲ್ವರಾಜ ಬಂದ.
ಬಾಗಿಲು ಹಾಕಿದ ಕಾರ್ಖಾನೆಯ ಕೀಲಿಕೈ ಗೊಂಚಲು
ಅವನ ಸೊಂಟದಲ್ಲಿ ಈಗಲೂ ಇದೆ, ಅಭ್ಯಾಸಕ್ಕೆ.
ಗೋಡೆಯನ್ನು ನೋಡಿದ, ಎಲೆ ಅಡಿಕೆ ಉಗಿದ,
'ಮುಟ್ಟಬಾರದು ತಾನೇ? ಮುಟ್ಟಲ್ಲ' ಎಂದ.
ಮೂರನೆಯ ದಿನ ಕೊಳವೆ
ಈ ಕಡೆಯಿಂದೆದ್ದು, ಗೋಡೆಗೆ ಒಂದು ಗೇಣು ಮೇಲೆ ಬಾಗಿ
ಆ ಕಡೆ ಇಳಿದಿತ್ತು,
ಮಲಗಿದವರನ್ನು ದಾಟುವ ಬೆಕ್ಕಿನ ಹಾಗೆ.

ಗುರುಪಾದಪ್ಪನವರಿಗೆ ಧಾರಾಳ ಬಂತು:
'ಹೆಣ್ಣುಮಕ್ಕಳಿಗೆ ಪುಕ್ಕಟೆ ಕೊಡೋಣ.'
ಸಾಕಮ್ಮ ಸೆರಗಿಗೆ ಹಿಟ್ಟು ಒರೆಸಿಕೊಂಡಳು.
'ಬೇಡ. ರೇಟು ಹೇಳಿ, ಕಾಗದ ಮಾಡಿ.
ಪುಕ್ಕಟೆ ಕೊಟ್ಟದ್ದನ್ನು ಕಿತ್ತುಕೊಳ್ಳಲು
ಯಾರಿಗೂ ನಾಚಿಕೆಯಾಗುವುದಿಲ್ಲ.'

ನನಗೆ ಅಜ್ಜ ನೆನಪಾದ.
ಅವನು ಮುಳುಗಡೆಯವನು. ಅವನ ಒಕ್ಕಲು ಕಣ
ಶರಾವತಿಯ ಹಿನ್ನೀರಿನಡಿಯಲ್ಲಿದೆ.
ಅಲ್ಲಿ ಹುಟ್ಟಿದ ಕರೆಂಟಿಗೆ ಹೊಗೆಯಿಲ್ಲ, ನಿಜ.
ಅದು ಅವನ ಹೊಸ ಗುಡಿಸಲ ನೆತ್ತಿಯ ಮೇಲೇ ಹಾದುಹೋಗುತ್ತಿತ್ತು.
ಒಳಗೆ ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು.
ಅಷ್ಟರಲ್ಲಿ ಅಜ್ಜನಿಗೆ ಕಣ್ಣು ಮಂಜಾಗಿತ್ತು,
ಬಲ್ಬಿನ ಕೆಳಗೆ ನಿಂತು
'ಹತ್ತಿತಾ?' ಎಂದು ಕೇಳಿದನಂತೆ.

ಮೊನ್ನೆ ಇಲಾಖೆಯಿಂದ ಒಬ್ಬ ಹುಡುಗ ಫಾರಂ ಹಿಡಿದು ಬಂದ.
'ಶುದ್ಧ ಇಂಧನವೇ? ಹೌದು, ಅಲ್ಲ.'
ಬಾಯ್ಲರಿನ ಉರಿಗೆ ಬೂದಿಯಿದೆ, ನನಗೆ ಕೆಮ್ಮಿದೆ.
ಚಿಮಣಿಗೆ ಜಾಲರಿ ಹಾಕಿಸುತ್ತೇವೆಂದಿದ್ದಾರೆ, ಇನ್ನೂ ಹಾಕಿಲ್ಲ.
ಅದನ್ನೂ ಬರೆದುಕೋ ಎಂದೆ.
ಅದಕ್ಕೆ ಅವನ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡ, ಪಾಪ.

ಕೇಸು ನಡೆಯುತ್ತಲೇ ಇದೆ.
ವಾಯಿದೆಯ ದಿನ ಇಬ್ಬರೂ ಬೇರೆ ಬೇರೆ ಕಾರಿನಲ್ಲೇ ಹೋಗುತ್ತಾರೆ.
ಹೋಗುವ ಮುಂಚೆ ಸಾಹೇಬರು ಗೋಡೆಯಾಚೆಯಿಂದ ಕೂಗುತ್ತಾರೆ:
'ಇವತ್ತು ಎರಕ ಹುಯ್ಯುವುದಿದೆ, ಬೂದಿ ಕಳಿಸಪ್ಪಾ!'

ಹತ್ತು ಗಂಟೆಗೆ ನಾನು ವಾಲ್ವು ತಿರುಗಿಸುತ್ತೇನೆ.
ಕೊಳವೆ ಒಮ್ಮೆ ನಡುಗುತ್ತದೆ, ಬಿಸಿಯಾಗುತ್ತದೆ.
ಸ್ವಲ್ಪ ಹೊತ್ತಿಗೆ ಆ ಕಡೆಯಿಂದ
ಲಟ್ಟಣಿಗೆಗಳ ಸದ್ದು, ಇಂಗಿನ ವಾಸನೆ.
ಮಳೆ ಹೊಯ್ಯುತ್ತಲೇ ಇರುತ್ತದೆ.
ಗೋಡೆಯ ಮೇಲೆ, ಕೊಳವೆಯ ಅಡಿಯ ಆ ಒಂದು ಗೇಣಿನಲ್ಲಿ ಮಾತ್ರ
ಪಾಚಿ ಒಣಗಿ ಉದುರುತ್ತಿದೆ.